ನಲವತ್ತಮೂರು ವರ್ಷಗಳ ವಿಶ್ರಾಂತಿ: ನಿವೃತ್ತ ಮಾಸ್ತಿಯವರ ಗವಿಪುರದ ದಿನಗಳು

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ನಿವೃತ್ತಿಯ ಮಾತು ಬಂದಾಗ ಸಾಮಾನ್ಯವಾಗಿ ಎರಡು ಲೆಕ್ಕಗಳು ಮುಂದೆ ಬರುತ್ತವೆ. ಒಂದು ಹಣದ ಲೆಕ್ಕ. ಇನ್ನೊಂದು ಮನೆಯ ಲೆಕ್ಕ. ಇಲ್ಲಿಯೇ ಉಳಿಯುವುದೋ, ಊರಿಗೆ ಹಿಂದಿರುಗುವುದೋ ಎಂಬುದು. ಇವೆರಡನ್ನೂ ಸರಿಯಾಗಿ ಹಾಕಿಕೊಂಡವರು ಕೂಡ ಮೂರನೆಯದೊಂದು ಲೆಕ್ಕವನ್ನು ಮರೆತಿರುತ್ತಾರೆ. ಕಚೇರಿಗೆ ಹೋಗಬೇಕಿಲ್ಲದ ಮೊದಲ ಸೋಮವಾರದಿಂದ ಆರಂಭವಾಗಿ ಆಯುಷ್ಯದ ಕೊನೆಯವರೆಗೆ ಸಾಗುವ ಅಷ್ಟೊಂದು ಹಗಲುಗಳನ್ನು ಹೇಗೆ ತುಂಬಿಕೊಳ್ಳುವುದು ಎಂಬುದೇ ಆ ಲೆಕ್ಕ. ಕೆಲಸದಿಂದ ಸಂತೋಷವಾಗಿ ಹೊರಬಂದವರಿಗೇ ಇದು ಕಷ್ಟವೆನಿಸುವಾಗ, ನೊಂದು ಹೊರಬಂದವರ ಪಾಡನ್ನು ಹೇಳಬೇಕಾಗಿಲ್ಲ.

ಕನ್ನಡದ ಸಣ್ಣಕಥೆಯ ಪಿತಾಮಹರೆಂದು ನಾವೆಲ್ಲ ಗೌರವಿಸುವ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹಾಗೆ ನೊಂದು ಹೊರಬಂದವರು. 1943ರಲ್ಲಿ ಸರ್ಕಾರಿ ಕೆಲಸವನ್ನು ಬಿಟ್ಟಾಗ ಅವರಿಗೆ 52 ವರ್ಷ. ಅವರು ಬದುಕಿದ್ದು 95 ವರ್ಷ. ಎಂದರೆ ಅವರ ನಿವೃತ್ತ ಜೀವನ 43 ವರ್ಷಗಳಷ್ಟು ದೀರ್ಘವಾದದ್ದು. ಅವರು ಮಾಡಿದ ನೌಕರಿಗಿಂತಲೂ ಬಹಳ ಹೆಚ್ಚಿನದು. ಮಾಸ್ತಿಯವರ ಸಾಹಿತ್ಯವನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಈ 43 ವರ್ಷಗಳನ್ನು ಅವರು ಬಾಳಿದ ರೀತಿಯನ್ನು ನಮ್ಮಂತಹ ಸಂಸಾರಸ್ಥರು ಬೇರೆಯಾಗಿಯೇ ನೆನೆಯಬೇಕಾಗಿದೆ.

ಬಡತನದಿಂದ ಬಂದ ಅಧಿಕಾರಿ

ಮಾಸ್ತಿಯವರು ಹುಟ್ಟಿದ್ದು 1891ನೆಯ ಇಸವಿ ಜೂನ್ 6ರಂದು, ಕೋಲಾರ ಜಿಲ್ಲೆಯಲ್ಲಿ. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರು ಅವರ ಬಾಲ್ಯದ ನೆಲೆ. ಆ ಊರಿನ ಹೆಸರೇ ಮುಂದೆ ಅವರ ಹೆಸರಾಯಿತು. ಶ್ರೀವೈಷ್ಣವ ಮನೆತನ, ಮನೆಮಾತು ತಮಿಳು. ಒಂದು ಕಾಲಕ್ಕೆ ಅನುಕೂಲವಾಗಿದ್ದ ಕುಟುಂಬ ಅವರು ಹುಟ್ಟುವ ಹೊತ್ತಿಗೆ ಬಡವಾಗಿತ್ತು. ಬಾಲಕ ವೆಂಕಟೇಶ ಓದಿದ್ದು ಬಂಧುಗಳ ಆಸರೆಯಲ್ಲಿ ಮತ್ತು ತನ್ನ ಬುದ್ಧಿಶಕ್ತಿಯಿಂದ ಗಳಿಸಿಕೊಂಡ ವಿದ್ಯಾರ್ಥಿವೇತನದ ಬಲದಲ್ಲಿ. ಹೀಗೆ ಊರಿಂದೂರಿಗೆ ಅಲೆಯುತ್ತ ಓದಿದ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ದಾಟಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, 1914ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಪಡೆದನು. ಚೆನ್ನೈಯಲ್ಲಿರುವ ನಮ್ಮ ಓದುಗರು ಸಮುದ್ರದ ಎದುರಿನ ಆ ಕೆಂಪು ಕಟ್ಟಡದ ಮುಂದೆ ಹಾದುಹೋಗುವಾಗ ಇದನ್ನು ನೆನಪಿಟ್ಟುಕೊಳ್ಳಬಹುದು.

ಅಂದಿನ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾಸ್ತಿಯವರು ಅಸಿಸ್ಟೆಂಟ್ ಕಮಿಷನರ್ ಆಗಿ ಕೆಲಸಕ್ಕೆ ಸೇರಿದರು. ಸಂಸ್ಥಾನದ ಬೇರೆ ಬೇರೆ ಭಾಗಗಳಲ್ಲಿ ದುಡಿದು ಡೆಪ್ಯುಟಿ ಕಮಿಷನರ್ ಹುದ್ದೆಗೆ ಏರಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ಕೊಟ್ಟು ಗೌರವಿಸಿದರು. ಪತ್ನಿ ಪಂಕಜಮ್ಮನವರು. ಆರು ಮಂದಿ ಹೆಣ್ಣುಮಕ್ಕಳು. ಸರ್ಕಾರಿ ಅಧಿಕಾರಿಯ ಸಂಸಾರವೆಂದರೆ ವರ್ಗವಾದಾಗಲೆಲ್ಲ ಸಾಮಾನು ಕಟ್ಟುವುದು, ಹೊಸ ಊರಿನಲ್ಲಿ ಒಲೆ ಹೂಡುವುದು, ಮಕ್ಕಳಿಗೆ ಶಾಲೆ ಹುಡುಕುವುದು. ಇಂದು ವರ್ಗಾವಣೆಯ ನೌಕರಿಯಲ್ಲಿರುವ ಎಷ್ಟೋ ಕನ್ನಡಿಗರಿಗೆ ಈ ಬಾಳು ಚೆನ್ನಾಗಿ ಗೊತ್ತು.

ಈ ಓಡಾಟದ ನಡುವೆಯೇ ಅವರು ಬರೆದರು. 1920ರಲ್ಲಿ 'ಕೆಲವು ಸಣ್ಣಕಥೆಗಳು' ಪ್ರಕಟವಾಯಿತು. ಶ್ರೀನಿವಾಸ ಎಂಬ ಕಾವ್ಯನಾಮದಲ್ಲಿ ಕಥೆ, ಕವಿತೆ, ನಾಟಕ, ವಿಮರ್ಶೆಗಳು ಬರುತ್ತಲೇ ಇದ್ದವು. 1929ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಅವರಿಗಿನ್ನೂ 38 ವರ್ಷ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ಸಂಸ್ಥಾನದ ಅಧಿಕಾರಿಯೊಬ್ಬರು ಗಡಿಯಾಚೆಯ ಕನ್ನಡಿಗರ ಅಧ್ಯಕ್ಷರಾಗಿ ಕುಳಿತದ್ದು ಏಕೀಕರಣಕ್ಕೆ ಇನ್ನೂ 27 ವರ್ಷಗಳಿದ್ದಾಗ ಎಂಬುದು ಸಣ್ಣ ಸಂಗತಿಯೇನಲ್ಲ.

1943ರ ನಿರ್ಧಾರ

ಮೂವತ್ತು ವರ್ಷಕ್ಕೆ ಸಮೀಪವಾದ ಸೇವೆಯ ಕೊನೆಗೆ, ಸಚಿವರ ದರ್ಜೆಗೆ ಸಮಾನವಾದ ಒಂದು ಸ್ಥಾನ ತಮಗೆ ನ್ಯಾಯವಾಗಿ ಬರಬೇಕೆಂದು ಮಾಸ್ತಿಯವರು ನಂಬಿದ್ದರು. ಅದು ಅವರಿಗೆ ಬರಲಿಲ್ಲ. ಅವರಿಗಿಂತ ಸೇವೆಯಲ್ಲಿ ಕಿರಿಯರಾದವರೊಬ್ಬರನ್ನು ಮುಂದಕ್ಕೆ ತರಲಾಯಿತು. ಮಾಸ್ತಿಯವರು ರಾಜೀನಾಮೆ ಕೊಟ್ಟರು.

ಈ ನಿರ್ಧಾರದ ತೂಕವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಧಾನ್ಯ, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಅಭಾವ, ಬೆಲೆಗಳು ಏರುತ್ತಿದ್ದವು. ಆರು ಹೆಣ್ಣುಮಕ್ಕಳ ತಂದೆ, ಹಿಂದೆ ಪಿತ್ರಾರ್ಜಿತವೆಂಬ ಆಸರೆಯಿಲ್ಲದವರು, ಇನ್ನೂ ಕೆಲವು ವರ್ಷ ಸಂಬಳ ತರಬಹುದಾಗಿದ್ದ ಕುರ್ಚಿಯನ್ನು ತಾವಾಗಿಯೇ ಬಿಟ್ಟು ಏಳುವುದೆಂದರೆ ಅದು ಒಬ್ಬರ ಸ್ವಾಭಿಮಾನದ ಪ್ರಶ್ನೆ ಮಾತ್ರವಾಗಿರಲಿಲ್ಲ, ಇಡೀ ಮನೆಯ ಪ್ರಶ್ನೆಯಾಗಿತ್ತು. ನೌಕರಿಯ ಜೊತೆಗೆ ಅಧಿಕಾರ, ಆಳುಕಾಳು, ಎದುರಿಗೆ ಬಂದವರ ನಮಸ್ಕಾರ, ಇವೂ ಹೋಗುತ್ತವೆ. ಅವಮಾನದ ನೆನಪೊಂದೇ ಉಳಿದರೆ ಮುಂದಿನ ವರ್ಷಗಳು ಅದನ್ನೇ ಮೆಲುಕು ಹಾಕುವುದರಲ್ಲಿ ಕಳೆದುಹೋಗಬಹುದು. ಅಂತಹ ಹಿರಿಯರನ್ನು ನಾವು ನಮ್ಮ ಬಳಗಗಳಲ್ಲಿ ನೋಡಿಯೇ ಇದ್ದೇವೆ. ಇಪ್ಪತ್ತು ವರ್ಷದ ಹಿಂದೆ ತಪ್ಪಿಹೋದ ಬಡ್ತಿಯ ಕಥೆಯನ್ನು ಅವರು ಪ್ರತಿ ಮದುವೆಯ ಪಂಕ್ತಿಯಲ್ಲಿಯೂ ಹೇಳುತ್ತಾರೆ.

ಮಾಸ್ತಿಯವರ ಮನೆಯಲ್ಲಿ ಹಾಗಾಗಲಿಲ್ಲ. ಹೇಗೆ ಆಗಲಿಲ್ಲ ಎಂಬುದಕ್ಕೆ ಉತ್ತರ ಯಾವ ದೊಡ್ಡ ತತ್ತ್ವದಲ್ಲಿಯೂ ಇಲ್ಲ, ಅವರ ದಿನಚರಿಯಲ್ಲಿದೆ.

ಗವಿಪುರದ ಮನೆ

ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡ ಗವಿಪುರ ಅವರ ನೆಲೆಯಾಯಿತು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಒಳಹೊಕ್ಕು ಲಿಂಗವನ್ನು ಮುಟ್ಟುವ ಗವಿ ಗಂಗಾಧರೇಶ್ವರನ ಗುಹಾಲಯ ಇರುವ ಬಡಾವಣೆ ಅದು. 1898ರ ಪ್ಲೇಗಿನ ಅನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಬಸವನಗುಡಿಯಲ್ಲಿ ಅಗಲವಾದ ರಸ್ತೆ, ಮರ, ಅಂಗಳಗಳ ನಡುವೆ ಮನೆ ಕಟ್ಟಿಕೊಂಡಿದ್ದರು. ದೊಡ್ಡ ಬಸವಣ್ಣನ ಗುಡಿ, ಪಕ್ಕದ ಕಹಳೆ ಬಂಡೆ, ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆ, ಹೂವು ಹಣ್ಣುಗಳ ಗಾಂಧಿ ಬಜಾರು, ಇವೆಲ್ಲ ಕಾಲುನಡಿಗೆಯ ಅಳತೆಯಲ್ಲಿ. ಇಂದಿಗೂ ಮಸಾಲೆ ದೋಸೆಗೆ ಹೆಸರಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಬಾಗಿಲು ತೆರೆದದ್ದೂ ಮಾಸ್ತಿಯವರು ನೌಕರಿ ಬಿಟ್ಟ ಆ 1943ನೆಯ ವರ್ಷದಲ್ಲಿಯೇ. ಡಿ.ವಿ.ಗುಂಡಪ್ಪನವರಂತಹ ಹಿರಿಯರು ಅದೇ ಆಸುಪಾಸಿನಲ್ಲಿದ್ದರು. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆ 1945ರಲ್ಲಿ ಆರಂಭವಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಪಕ್ಕದ ಚಾಮರಾಜಪೇಟೆಯಲ್ಲಿತ್ತು. ನಿವೃತ್ತರಾದವರಿಗೆ ಓಣಿಯೇ ಒಂದು ಸಂಸ್ಥೆಯಾಗಬಲ್ಲ ಜಾಗ.

ಇಲ್ಲಿ ಮಾಸ್ತಿಯವರು ಮಾಡಿದ ಮೊದಲ ಕೆಲಸ ದುಡಿಮೆಯನ್ನು ನಿಲ್ಲಿಸದೆ ಇದ್ದದ್ದು. ನೌಕರಿಯಿಂದ ಬಿಡುಗಡೆಯಾದ ಮರುವರ್ಷವೇ, 1944ರಲ್ಲಿ, 'ಜೀವನ' ಎಂಬ ಮಾಸಪತ್ರಿಕೆಯ ಸಂಪಾದಕತ್ವವನ್ನು ಅವರು ವಹಿಸಿಕೊಂಡರು. 1965ರವರೆಗೆ, ಎಂದರೆ 74ನೆಯ ವಯಸ್ಸಿನವರೆಗೆ, ಅದನ್ನು ನಡೆಸಿದರು. ತಿಂಗಳಿಗೊಂದು ಸಂಚಿಕೆಯೆಂದರೆ ಇಪ್ಪತ್ತೊಂದು ವರ್ಷಗಳಲ್ಲಿ ಎಷ್ಟು ಸಂಚಿಕೆಗಳಾದವೆಂದು ಓದುಗರೇ ಗುಣಿಸಿ ನೋಡಬಹುದು. ಸಾಹಿತ್ಯ ಪತ್ರಿಕೆ ನಡೆಸುವುದರ ಕಷ್ಟ ನಮ್ಮ ಸಂಘಗಳಲ್ಲಿ ವಾರ್ಷಿಕ ಸಂಚಿಕೆ ತರುವವರಿಗೆ ತಿಳಿಯದ್ದೇನಲ್ಲ. ಲೇಖನಗಳಿಗೆ ಕಾಗದ ಬರೆಯಬೇಕು, ಬಂದದ್ದನ್ನು ಓದಬೇಕು, ಕರಡಚ್ಚು ತಿದ್ದಬೇಕು, ಅಚ್ಚುಕೂಟಕ್ಕೆ ಓಡಬೇಕು, ಚಂದಾದಾರರ ಪಟ್ಟಿ ನೋಡಬೇಕು, ಅಂಚೆಗೆ ಹಾಕಬೇಕು. ಜಿಲ್ಲೆಯನ್ನು ಆಳಿದ ಅಧಿಕಾರಿ ಈ ಗುಮಾಸ್ತಿಕೆಯನ್ನು ಕೀಳೆಂದು ಭಾವಿಸಲಿಲ್ಲ. ಜೀವನ ಕಾರ್ಯಾಲಯದ ಹೆಸರಿನಲ್ಲಿ ಪುಸ್ತಕಗಳನ್ನೂ ಪ್ರಕಟಿಸಿದರು. ಪರಿಷತ್ತಿನ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು.

ಒಂದು ವಿಷಯವನ್ನು ಗಮನಿಸಬೇಕು. ಕಚೇರಿಯ ಕಾಲದಲ್ಲಿ ಬರೆವಣಿಗೆ ಅವರಿಗೆ ಬಿಡುವಿನ ಕೆಲಸವಾಗಿತ್ತು. ನಿವೃತ್ತಿಯಲ್ಲಿ ಅದನ್ನೇ ಹಗಲಿನ ಕೆಲಸವಾಗಿ ಮಾಡಿಕೊಂಡರು. ಅವರು ಹೊಸ ಹವ್ಯಾಸವೊಂದನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಜೊತೆಯಲ್ಲಿ ಬಂದದ್ದು ಅಲ್ಲಿಯೇ ಕಾದಿತ್ತು. ನೌಕರಿಯಲ್ಲಿರುವಾಗಲೇ ನೌಕರಿಯ ಹೊರಗೆ ಒಂದು ಆಸಕ್ತಿಯನ್ನು ಬೆಳೆಸಿಕೊಳ್ಳಬೇಕೆಂದು ಹಿರಿಯರು ಹೇಳುವುದು ಇದನ್ನೇ.

ಸಂಜೆಯ ತಿರುಗಾಟ

ಹಗಲು ಹೀಗೆ ಕಳೆದರೆ ಸಂಜೆಗೆ ಬೇರೆಯೇ ಒಂದು ಏರ್ಪಾಡಿತ್ತು. ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟಾಡುವುದು. ಹಣೆಯ ಮೇಲೆ ನಾಮ, ಮೈಮೇಲೆ ಕೋಟು ಧರಿಸಿದ ಮಾಸ್ತಿಯವರು ಸಂಜೆಯ ಹೊತ್ತು ಕ್ಲಬ್ಬಿಗೆ ಹೊರಡುವ ದೃಶ್ಯ ಆ ಬಡಾವಣೆಯವರಿಗೆ ಪರಿಚಿತವಾಗಿತ್ತು. ಬಹಳ ಮುಪ್ಪಿನವರೆಗೂ ಅವರು ಈ ಪದ್ಧತಿಯನ್ನು ಬಿಡಲಿಲ್ಲ. ರಾಮಾಯಣವನ್ನು ಕುರಿತು ಗ್ರಂಥ ರಚಿಸಿದ, ಆಚಾರವಂತರಾದ, ನಾಡಿಗೆಲ್ಲ ಹಿರಿಯರೆನಿಸಿದ ಸಾಹಿತಿ ಇಸ್ಪೀಟಿನ ಮೇಜಿಗೆ ಕುಳಿತುಕೊಳ್ಳುವುದೇ ಎಂದು ಹುಬ್ಬೇರಿಸಿದವರೂ ಇದ್ದಿರಬಹುದು. ಅವರಂತೂ ಅದನ್ನು ಬಚ್ಚಿಡಬೇಕಾದ ಸಂಗತಿಯೆಂದು ಭಾವಿಸಿದವರಲ್ಲ.

ಇದರ ಅರ್ಥ ನಿವೃತ್ತರ ಮನೆಯಲ್ಲಿರುವವರಿಗೆ ಚೆನ್ನಾಗಿ ಆಗುತ್ತದೆ. ದಿನಕ್ಕೊಂದು ಬಾರಿ ಬಟ್ಟೆ ಬದಲಿಸಿ, ಮೆಟ್ಟು ಮೆಟ್ಟಿ, ಗೊತ್ತಾದ ಹೊತ್ತಿಗೆ ಹೊರಡುವುದು, ತನಗಾಗಿ ಕಾದಿರುವ ನಾಲ್ವರ ನಡುವೆ ಕೂರುವುದು, ದೀಪ ಹಚ್ಚಿದ ಮೇಲೆ ಮನೆಗೆ ಮರಳುವುದು, ಇಷ್ಟರಿಂದಲೇ ಮನುಷ್ಯನಿಗೆ ದಿನದ ಆದಿ ಅಂತ್ಯಗಳು ಸಿಗುತ್ತವೆ. ಇಸ್ಪೀಟಿನ ಮೇಜಿನಲ್ಲಿ ಮಾಜಿ ಡೆಪ್ಯುಟಿ ಕಮಿಷನರಿಗೆ ಬೇರೆ ಎಲೆ ಹಂಚುವುದಿಲ್ಲ. ಕೈಗೆ ಬಂದ ಎಲೆಯನ್ನು ಹಿಡಿದು ಆಡಬೇಕು, ಆಟ ಮುಗಿದ ಮೇಲೆ ಎಲೆಗಳನ್ನು ಕಲಸಿ ಮತ್ತೆ ಹಂಚಬೇಕು. ನಿನ್ನೆಯ ಸೋಲನ್ನು ಇಂದಿನ ಆಟಕ್ಕೆ ತರುವಂತಿಲ್ಲ. ಮನೆಯ ಹೆಂಗಸರ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಇಡೀ ದಿನ ಮನೆಯಲ್ಲಿದ್ದು ಅಡುಗೆಮನೆಯ ಆಡಳಿತಕ್ಕೆ ಕೈಹಾಕುವ ನಿವೃತ್ತ ಗಂಡಸರಿಂದ ಸಂಸಾರದಲ್ಲಿ ಉಂಟಾಗುವ ಕಿರಿಕಿರಿಯನ್ನು ಬಲ್ಲವರು, ಸಂಜೆ ಎರಡು ಗಂಟೆ ಹೊರಗೆ ಹೋಗಿ ಬರುವ ಯಜಮಾನರ ಬೆಲೆಯನ್ನು ಅರಿಯುತ್ತಾರೆ.

ಮನೆಮಾತು, ಮನೆಯ ಕಥೆ

ಮಾಸ್ತಿಯವರ ಸಾಹಿತ್ಯದ ಮೂಲದ್ರವ್ಯವೇ ಸಂಸಾರ. 'ಮೊಸರಿನ ಮಂಗಮ್ಮ' ಎಂಬ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಪಕ್ಕದ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮನಿಗೂ ಸೊಸೆ ನಂಜಮ್ಮನಿಗೂ ಮೊಮ್ಮಗನನ್ನು ಹೊಡೆದ ವಿಷಯದಲ್ಲಿ ಜಗಳವಾಗಿ ಮನೆ ಬೇರೆಯಾಗುತ್ತದೆ. ಮಗನನ್ನು ಬಿಟ್ಟುಕೊಡಲು ತಾಯಿಗೆ ಮನಸ್ಸಿಲ್ಲ, ಗಂಡನನ್ನು ಬಿಟ್ಟುಕೊಡಲು ಹೆಂಡತಿಗೆ ಮನಸ್ಸಿಲ್ಲ. ಕೊನೆಗೆ ಅಜ್ಜಿಯ ಬಳಿಗೆ ಓಡಿಬರುವ ಮೊಮ್ಮಗನೇ ಎರಡು ಮನೆಗಳನ್ನೂ ಮತ್ತೆ ಸೇರಿಸುತ್ತಾನೆ. ಮಂಗಮ್ಮ ಮೊಸರಿನ ವ್ಯಾಪಾರವನ್ನು ಸೊಸೆಯ ಕೈಗೆ ಒಪ್ಪಿಸುತ್ತಾಳೆ. ಇದೂ ಒಂದು ನಿವೃತ್ತಿಯ ಕಥೆಯೇ. ಅಧಿಕಾರವನ್ನು ಯಾವಾಗ, ಹೇಗೆ, ಯಾರಿಗೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಜಿಲ್ಲಾ ಕಚೇರಿಯಲ್ಲಿ ಇರುವಂತೆ ಮೊಸರಿನ ಕುಡಿಕೆಯ ಮುಂದೆಯೂ ಇರುತ್ತದೆ. ತೀರ್ಪು ಕೊಡುವ ಅಭ್ಯಾಸವಿದ್ದ ಅಧಿಕಾರಿ ಈ ಕಥೆಯಲ್ಲಿ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಿಲ್ಲ.

ಅವರ ಆರಂಭದ ಕಥೆಗಳಲ್ಲಿ ಒಂದಾದ 'ರಂಗನ ಮದುವೆ' ಹೊರನಾಡಿನ ನಮ್ಮ ಮಕ್ಕಳಿಗೆ ಇಂಗ್ಲಿಷಿನ ಮೂಲಕ ಪರಿಚಯವಾದದ್ದುಂಟು. ಸಿ.ಬಿ.ಎಸ್.ಇ. ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪೂರಕ ಪಠ್ಯದಲ್ಲಿ ಆ ಕಥೆ ಹಲವು ವರ್ಷಗಳ ಕಾಲ ಇತ್ತು. ದಿಲ್ಲಿಯಲ್ಲೋ ಪುಣೆಯಲ್ಲೋ ಅದನ್ನು ಓದಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ತಮ್ಮ ತಾಯಿನುಡಿಯ ಕಥೆಯೆಂದು ಮನೆಯಲ್ಲಿ ಯಾರಾದರೂ ಹೇಳಿದರೋ ತಿಳಿಯದು.

ಮನೆಮಾತು ತಮಿಳಾಗಿದ್ದವರು ಕನ್ನಡಕ್ಕೆ ಇಷ್ಟನ್ನು ಕೊಟ್ಟರು ಎಂಬುದು ಹೊರನಾಡಿನ ನಮಗೆ ವಿಶೇಷವಾಗಿ ಹತ್ತಿರವಾದ ವಿಷಯ. ಮಾಸ್ತಿಯವರ ಆತ್ಮೀಯ ಮಿತ್ರರಾದ ದ.ರಾ.ಬೇಂದ್ರೆಯವರ ಮನೆಮಾತು ಮರಾಠಿ. ಒಬ್ಬರ ಮನೆಯಲ್ಲಿ ತಮಿಳು, ಇನ್ನೊಬ್ಬರ ಮನೆಯಲ್ಲಿ ಮರಾಠಿ. ಇಬ್ಬರ ಲೇಖನಿಯಲ್ಲೂ ಕನ್ನಡ. ನಮ್ಮಲ್ಲಾದರೋ ಮನೆಯ ಹೊರಗೆ ತಮಿಳು, ಮರಾಠಿ, ತೆಲುಗು, ಹಿಂದಿ. ಮನೆಯೊಳಗಿನ ಕನ್ನಡವೇ ಸೊರಗುತ್ತಿದೆ. ಎರಡು ನುಡಿಗಳ ನಡುವೆ ಬಾಳುವುದು ಭಾಷೆಗೆ ನಷ್ಟವೇ ಆಗಬೇಕಿಲ್ಲ ಎಂಬುದಕ್ಕೆ ಈ ಇಬ್ಬರೂ ಸಾಕ್ಷಿ.

ಅಧಿಕಾರಿಯ ಅನುಭವ, ಕಾದಂಬರಿಕಾರರ ಕೈ

ಮಾಸ್ತಿಯವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳೂ ನಿವೃತ್ತಿಯ ಬಳಿಕ ಬಂದವು ಎಂಬುದು ಮುಖ್ಯ. 'ಚೆನ್ನಬಸವನಾಯಕ' 1949ರಲ್ಲಿ, 'ಚಿಕವೀರ ರಾಜೇಂದ್ರ' 1956ರಲ್ಲಿ. ಮೊದಲನೆಯದು 1763ರಲ್ಲಿ ಹೈದರಾಲಿಯ ವಶವಾದ ಬಿದನೂರು ಸಂಸ್ಥಾನದ ಕಥೆ. ಎರಡನೆಯದು 1834ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ಅರಸನ ಕಥೆ. ಎರಡರಲ್ಲಿಯೂ ಹೊರಗಿನ ಶತ್ರು ಬರುವ ಮೊದಲೇ ಅರಮನೆಯ ಒಳಗೆ ಮನೆ ಮುರಿದಿರುತ್ತದೆ. ಕೊಡಗಿನ ಅರಸ ಒಡಹುಟ್ಟಿದ ತಂಗಿಯನ್ನೂ ಅವಳ ಗಂಡನನ್ನೂ ನಂಬದೆ ಕಾಡುತ್ತಾನೆ; ಆ ದ್ವೇಷವೇ ಪರರಿಗೆ ಬಾಗಿಲು ತೆರೆಯುತ್ತದೆ. ಕೆಟ್ಟ ಯಜಮಾನನ ಕೈಕೆಳಗೆ ನಿಷ್ಠೆಯಿಂದ ದುಡಿಯುವ ಮಂತ್ರಿಗಳ ಸಂಕಟ, ಎಲ್ಲಿಯವರೆಗೆ ಸಹಿಸಬೇಕು, ಎಲ್ಲಿ ಬಿಟ್ಟು ನಿಲ್ಲಬೇಕು ಎಂಬ ಅವರ ತೊಳಲಾಟ, ಆ ಕಾದಂಬರಿಯ ಜೀವಾಳ.

ಸಂಸ್ಥಾನವೊಂದರ ಆಡಳಿತವನ್ನು ಒಳಗಿನಿಂದ ಕಂಡವರು, ರಾಜಸೇವೆಯ ಸುಖವನ್ನೂ ಕಹಿಯನ್ನೂ ಉಂಡವರು ಬರೆದ ಪುಟಗಳು ಇವು ಎಂದು ಓದುವಾಗ ತಿಳಿಯುತ್ತದೆ. ತಮ್ಮ ದೂರನ್ನು ಅವರು ಇಲ್ಲಿ ತೋಡಿಕೊಂಡಿಲ್ಲ. ದೂರನ್ನು ಬದಿಗಿಟ್ಟು, ಅದರಿಂದ ಕಲಿತ ತಿಳಿವಳಿಕೆಯನ್ನು ಮಾತ್ರ ಬಳಸಿಕೊಂಡಿದ್ದಾರೆ. ನೌಕರಿಯಲ್ಲಿ ಮುಂದುವರಿದು ಬಯಸಿದ ಹುದ್ದೆಯನ್ನು ಪಡೆದಿದ್ದರೆ ಅವರಿಗೆ ಈ ಬರೆವಣಿಗೆಗೆ ಬಿಡುವು ದೊರೆಯುತ್ತಿತ್ತೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆ ಹುದ್ದೆಗೆ ಬಂದವರು ಯಾರೆಂಬುದನ್ನು ಇಂದು ನೆನಪಿಟ್ಟುಕೊಂಡವರು ಬಹಳ ಕಡಿಮೆ.

ಕಿರಿಯರು ಮುಂದೆ, ಹಿರಿಯರು ಹಿಂದೆ

1943ರಲ್ಲಿ ಕಿರಿಯರೊಬ್ಬರು ಮುಂದಕ್ಕೆ ಬಂದಾಗ ಮಾಸ್ತಿಯವರು ಎದ್ದು ಹೊರಟಿದ್ದರು. ವಿಧಿಯ ವಿನೋದವೆಂಬಂತೆ, ನಿವೃತ್ತ ಜೀವನದಲ್ಲಿ ಅಂತಹುದೇ ಸನ್ನಿವೇಶ ಮೂರು ಸಲ ಎದುರಾಯಿತು. ಜ್ಞಾನಪೀಠ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1967ರಲ್ಲಿ, ಕುವೆಂಪು ಅವರಿಗೆ. ಅವರು ಮಾಸ್ತಿಯವರಿಗಿಂತ 13 ವರ್ಷ ಚಿಕ್ಕವರು. 1973ರಲ್ಲಿ ಬೇಂದ್ರೆಯವರಿಗೆ ಬಂದಿತು. ಸುಮಾರು ಐದು ವರ್ಷ ಚಿಕ್ಕವರು. 1977ರಲ್ಲಿ ಶಿವರಾಮ ಕಾರಂತರಿಗೆ. 11 ವರ್ಷ ಚಿಕ್ಕವರು. ಬೇಂದ್ರೆಯವರಂತೂ ಮಾಸ್ತಿಯವರನ್ನು ಒಡಹುಟ್ಟಿದ ಅಣ್ಣನೆಂದೇ ಭಾವಿಸಿದ್ದವರು. ತಮ್ಮನಿಗೆ ಮಣೆ ಹಾಕಿದಾಗ ಅಣ್ಣ ಪಂಕ್ತಿಯಿಂದ ಎದ್ದುಹೋಗುವುದುಂಟೇ?

ಕಚೇರಿಯಲ್ಲಿ ಸೇವಾಜ್ಯೇಷ್ಠತೆಯ ಪಟ್ಟಿಯೊಂದಿರುತ್ತದೆ, ಅಲ್ಲಿ ನ್ಯಾಯ ಕೇಳುವುದು ಹಕ್ಕು. ಸಾಹಿತ್ಯದಲ್ಲಿಯಾಗಲಿ ಸ್ನೇಹದಲ್ಲಿಯಾಗಲಿ ಅಂತಹ ಪಟ್ಟಿಯಿಲ್ಲ. ಈ ವ್ಯತ್ಯಾಸವನ್ನು ಮಾಸ್ತಿಯವರು ಬಾಳಿನಲ್ಲಿ ತೋರಿಸಿಕೊಟ್ಟರು. ಆ ವರ್ಷಗಳಲ್ಲೆಲ್ಲ ಅವರ ಕೆಲಸ ನಿಲ್ಲಲಿಲ್ಲ. 1968ರಲ್ಲಿ ಸಣ್ಣಕಥೆಗಳ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆತಾಗ ಅವರಿಗೆ 77 ವರ್ಷ. ಎಂಬತ್ತು ದಾಟಿದ ಮೇಲೆ, 1972ರಲ್ಲಿ, 'ಶ್ರೀರಾಮ ಪಟ್ಟಾಭಿಷೇಕ' ಎಂಬ ಮಹಾಕಾವ್ಯ ಬಂದಿತು. 1974ರಲ್ಲಿ ಸಾಹಿತ್ಯ ಅಕಾದೆಮಿ ತನ್ನ ಫೆಲೋ ಆಗಿ ಅವರನ್ನು ಆರಿಸಿ ಗೌರವಿಸಿತು. ಹುಟ್ಟಿ ಬೆಳೆದ ಮನೆಯನ್ನೂ ಓದಿನ ದಿನಗಳನ್ನೂ ನೌಕರಿಯ ವರ್ಷಗಳನ್ನೂ ನೆನೆದು 'ಭಾವ' ಎಂಬ ಆತ್ಮಕಥೆಯನ್ನು ಮೂರು ಸಂಪುಟಗಳಲ್ಲಿ ಬರೆದರು. ಹಿಂದೆ ಬರೆದ 'ಕಾಕನಕೋಟೆ' ನಾಟಕವನ್ನು ಆಧರಿಸಿ 1977ರಲ್ಲಿ ಚಲನಚಿತ್ರ ಬಂದಾಗ ಅವರಿಗೆ 86. ಕನ್ನಡದಲ್ಲಿ ನೂರಕ್ಕೂ ಮಿಕ್ಕಿದ ಪುಸ್ತಕಗಳಾದವು, ಇಂಗ್ಲಿಷಿನಲ್ಲಿಯೂ ಬರೆದರು.

ಕೊನೆಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ 'ಚಿಕವೀರ ರಾಜೇಂದ್ರ'ದ ಹೆಸರಿನಲ್ಲಿ ಅವರಿಗೆ ಬಂದಿತು. ಆ ಕಾದಂಬರಿ ಹೊರಬಂದು 27 ವರ್ಷಗಳಾಗಿದ್ದವು, ಅವರಿಗೆ 92 ವಯಸ್ಸು. ಅಣ್ಣನೆಂದು ಕರೆದ ಬೇಂದ್ರೆಯವರು ಆ ಸಂತೋಷವನ್ನು ನೋಡಲು ಉಳಿದಿರಲಿಲ್ಲ. ಅವರು 1981ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡಿದ್ದರು. ದೀರ್ಘಾಯುಸ್ಸಿನ ಬೆಲೆ ಇದೇ. ಪ್ರಶಸ್ತಿಗಳನ್ನು ಕಾಯಬಹುದು, ಗೆಳೆಯರನ್ನು ಕಾಯುವಂತೆ ಮಾಡಲಾಗದು.

ಜೂನ್ 6

1986ರ ಜೂನ್ 6ರಂದು, ತಮ್ಮ 95ನೆಯ ವರ್ಷ ತುಂಬಿದ ಹುಟ್ಟುಹಬ್ಬದ ದಿನವೇ, ಮಾಸ್ತಿಯವರು ಬೆಂಗಳೂರಿನಲ್ಲಿ ನಿಧನರಾದರು. ತಾವು ಹಾಕಿಕೊಂಡ ಲೆಕ್ಕವನ್ನು ಒಂದು ದಿನವೂ ಹೆಚ್ಚು ಕಡಿಮೆಯಾಗದಂತೆ ಮುಗಿಸಿದ ಹಳೆಯ ಕಾಲದ ಅಧಿಕಾರಿಯಂತೆ. ಮಾಸ್ತಿ ಗ್ರಾಮದ ಅವರ ಮನೆ ಆ ಬಳಿಕ ಗ್ರಂಥಾಲಯವಾಯಿತು. ಬೆಂಗಳೂರಿನಿಂದ ಮಾಲೂರಿನ ಕಡೆಗೆ ಹೋಗುವವರು ಅರ್ಧ ದಿನದ ಬಿಡುವಿದ್ದರೆ ಆ ಊರನ್ನು ನೋಡಿ ಬರಬಹುದು.

ರಜೆಗೆ ಬೆಂಗಳೂರಿಗೆ ಹೋದಾಗ ನಮ್ಮ ಕುಟುಂಬಗಳು ಬಸವನಗುಡಿಗೆ ಹೋಗುವುದುಂಟು. ದೊಡ್ಡ ಬಸವಣ್ಣನಿಗೆ ಕೈಮುಗಿದು, ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಬರುವುದುಂಟು. ಮುಂದಿನ ಸಲ ಹೋದಾಗ ಗವಿಪುರದ ಕಡೆಗೂ ನಾಲ್ಕು ಹೆಜ್ಜೆ ನಡೆಯಬೇಕು. ಮಾಸ್ತಿಯವರ ಕಾಲದ ಶಾಂತವಾದ ರಸ್ತೆಗಳು ಈಗ ಹಾಗೆ ಉಳಿದಿಲ್ಲ, ವಾಹನಗಳ ಗದ್ದಲವೇ ಹೆಚ್ಚು. ಆದರೂ ಸಂಜೆಯ ಹೊತ್ತು ಕಲ್ಲುಬೆಂಚುಗಳ ಮೇಲೆ ಹಿರಿಯರು ಗುಂಪಾಗಿ ಕುಳಿತಿರುವುದನ್ನು ಇಂದಿಗೂ ಕಾಣಬಹುದು. ಅವರಲ್ಲಿ ಯಾರು ಯಾವ ಹುದ್ದೆಯಲ್ಲಿದ್ದರು, ಯಾರಿಗೆ ಯಾವ ಬಡ್ತಿ ತಪ್ಪಿತು ಎಂಬುದು ದಾರಿಹೋಕರಿಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ.

ನಮ್ಮ ಮನೆಗಳಲ್ಲಿಯೂ ಈ ವರ್ಷವೋ ಮುಂದಿನ ವರ್ಷವೋ ಕಚೇರಿಯ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಬರುವವರಿದ್ದಾರೆ. ಕೆಲವರು ತೃಪ್ತಿಯಿಂದ ಬರುತ್ತಾರೆ, ಕೆಲವರು ಮನಸ್ಸಿನಲ್ಲಿ ಒಂದು ಮುಳ್ಳನ್ನಿಟ್ಟುಕೊಂಡು ಬರುತ್ತಾರೆ. ಆ ಮುಳ್ಳನ್ನು ತೆಗೆಯಲು ಮಾಸ್ತಿಯವರು ಮಾಡಿದ್ದು ಇಷ್ಟೇ: ಬೆಳಗ್ಗೆ ಮಾಡಲೊಂದು ಕೆಲಸ, ಸಂಜೆ ಹೋಗಲೊಂದು ಜಾಗ, ಕಿರಿಯರ ಏಳಿಗೆಯನ್ನು ತನ್ನ ಮನೆಯ ಏಳಿಗೆಯೆಂದು ಭಾವಿಸುವ ಮನಸ್ಸು. ಇದಕ್ಕೆ ಜ್ಞಾನಪೀಠದ ಪ್ರತಿಭೆ ಬೇಕಿಲ್ಲ. ಸಂಘದ ವಾಚನಾಲಯದಲ್ಲಿ ಮಾಸ್ತಿಯವರ ಕಥೆಗಳ ಸಂಪುಟಗಳಿದ್ದರೆ ಒಂದನ್ನು ತಂದು, ರಾತ್ರಿ ಊಟವಾದ ಮೇಲೆ ಮೊಮ್ಮಕ್ಕಳಿಗೆ ಒಂದೊಂದೇ ಕಥೆ ಓದಿ ಹೇಳುವುದರಿಂದಲೇ ಆರಂಭಿಸಬಹುದು. ಮೊಸರಿನ ಮಂಗಮ್ಮನಿಂದಲೇ ಆದರೆ ಇನ್ನೂ ಒಳ್ಳೆಯದು. ಆ ಕಥೆಯನ್ನು ಕೇಳಲು ಸೊಸೆಯಂದಿರೂ ಬಂದು ಕೂರುತ್ತಾರೆ.